ಕೊಗ್ಗಿಗಿಡ: ಹಂಪಿಯ ಹಾದಿಬದಿಯಿಂದ ನಮ್ಮ ತೋಟದ ಬದುವಿಗೆ



ಸಂಘದ ಪತ್ರಿಕೆಯಲ್ಲಿ ಗೊಬ್ಬರದ ದಾಸ್ತಾನು, ಸಾಲದ ಕಂತು, ಅಡಿಕೆ ಧಾರಣೆ ಇವುಗಳನ್ನೇ ಬರೆಯುತ್ತಿದ್ದ ಕಾರ್ಯದರ್ಶಿಯು ಈ ಸಲ ಒಂದು ಕಾಡುಗಿಡದ ಬಗ್ಗೆ ಬರೆಯಹೊರಟಿದ್ದಾನೆಂದು ತಾವು ನಗಬಹುದು. ಈ ಗಿಡವನ್ನು ಕಟ್ಟಿಕೊಂಡು ಎರಡು ವರ್ಷ ನಾನು ಸೋತೆ, ಮೂರನೆಯ ವರ್ಷ ಕಲಿತೆ. ಕಲಿತದ್ದು ತಮಗೂ ಉಪಯೋಗವಾದೀತೆಂದು ಈ ಲೇಖನ.

2021ರ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ನನ್ನ ಸೋದರಳಿಯ ಒಂದು ಚಿತ್ರ ಕಳಿಸಿದ್ದ. ಸೊಂಟದೆತ್ತರದ ಪೊದೆ, ಅದರ ತುಂಬ ನೆಟ್ಟಗೆ ನಿಂತ ನೀಲಿ ಹೂಗೊಂಚಲು. "ಮಾವ, ಇದಕ್ಕೆ ಇಲ್ಲಿ ಸುಳ್ಳುನೀಲಿ ಅನ್ನುತ್ತಾರೆ. ವಸಂತಕಾಲಕ್ಕೆ ಹೂ ಬಿಡುತ್ತದೆ. ಒಮ್ಮೆ ಬೇರು ಬಿಟ್ಟರೆ ಹತ್ತಿಪ್ಪತ್ತು ವರ್ಷ ನೀರು-ಗೊಬ್ಬರ ಏನೂ ಕೇಳುವುದಿಲ್ಲ. ಮುಂದಿನ ಸಲ ಬರುವಾಗ ಬೀಜ ತರಲೇ?" ಎಂದು ಕೇಳಿದ. ಬ್ಯಾಪ್ಟಿಸಿಯಾ ಎಂಬುದು ಅದರ ಶಾಸ್ತ್ರೀಯ ಹೆಸರು. ಗ್ರೀಕ್ ಭಾಷೆಯಲ್ಲಿ ಬಣ್ಣದಲ್ಲಿ ಅದ್ದುವುದಕ್ಕೆ ಹೇಳುವ ಮಾತಿನಿಂದ ಬಂದದ್ದು. ಅಲ್ಲಿನ ಮೂಲನಿವಾಸಿಗಳೂ ವಲಸೆ ಹೋದ ಬಿಳಿಯರೂ ನಿಜವಾದ ನೀಲಿ ಸಿಗದಾಗ ಇದರಿಂದ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಬಣ್ಣ ಅಷ್ಟಕ್ಕಷ್ಟೇ, ಆದ್ದರಿಂದ ಸುಳ್ಳುನೀಲಿ. 2010ರಲ್ಲಿ ಅಲ್ಲಿಯ ಬಹುವಾರ್ಷಿಕ ಸಸ್ಯಗಳ ಸಂಘದವರು ಇದನ್ನು ವರ್ಷದ ಗಿಡವೆಂದು ಆರಿಸಿದ್ದರು.

ನನಗೂ ಆಸೆಯಾಯಿತು. ಆದರೂ ಬೇಡವೆಂದೆ. ಅದಕ್ಕೆ ಎರಡು ಕಾರಣಗಳಿದ್ದವು. ಒಂದು, ಅದು ಹಿಮ ಬೀಳುವ ನಾಡಿನ ಗಿಡ; ಚಳಿಗಾಲದ ದೀರ್ಘ ನಿದ್ರೆ ಇಲ್ಲದಿದ್ದರೆ ಸರಿಯಾಗಿ ಹೂ ಬಿಡುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹೊರದೇಶದ ಬೀಜ, ಗಿಡ, ಕಡ್ಡಿ ಯಾವುದನ್ನೇ ಆಗಲಿ, ಆಮದು ಪರವಾನಗಿಯೂ ರೋಗಮುಕ್ತವೆಂಬ ಪ್ರಮಾಣಪತ್ರವೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತರುವುದು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ತಪ್ಪು. ಕಾನೂನು ಹಾಗಿರಲಿ, ಕಾಫಿ ಬೆಳೆಗಾರನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕ ನಮ್ಮ ನೆಲದ ಹುಳುವಲ್ಲ, ಹೊರಗಿನಿಂದ ಬಂದದ್ದು. ಇಂದಿಗೂ ಕೊಯ್ಲು ಮುಗಿದ ಮೇಲೆ ಉದುರು ಕಾಯಿ ಆರಿಸುತ್ತ ಅದರ ಕಂದಾಯ ಕಟ್ಟುತ್ತಿದ್ದೇವೆ. ಪುಣೆಯಲ್ಲಿ 1950ರ ದಶಕದಲ್ಲಿ ಕಂಡ ಪಾರ್ಥೇನಿಯಂ ಇಂದು ಯಾರ ಹೊಲದಲ್ಲಿಲ್ಲ?

ಕಂಪ್ಲಿಯ ದಾರಿಯಲ್ಲಿ

ಅದೇ ವರ್ಷ ಕಾರ್ತಿಕ ಮಾಸದಲ್ಲಿ ಕಂಪ್ಲಿಯ ನಮ್ಮ ಬೀಗರ ಮನೆಯ ಗೃಹಪ್ರವೇಶಕ್ಕೆ ಹೋಗಬೇಕಾಯಿತು. ಹೊಸಪೇಟೆ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾದ ವರ್ಷವದು. ಕಂಪ್ಲಿ, ಸಂಡೂರು ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು. ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿಕೊಂಡು ಕಮಲಾಪುರದ ಕಡೆ ಬರುತ್ತಿದ್ದೆವು. ದಾರಿಯ ಒಂದು ಬದಿಗೆ ವಿಜಯನಗರದ ಅರಸರ ಕಾಲದ ಕಾಲುವೆ, ಬಾಳೆ, ತೆಂಗು, ಕಬ್ಬು. ಐನೂರು ವರ್ಷ ಹಿಂದೆ ತೋಡಿದ ಕಾಲುವೆಗಳು ಇಂದಿಗೂ ಗದ್ದೆ-ತೋಟಗಳಿಗೆ ನೀರುಣಿಸುತ್ತಿರುವುದನ್ನು ನೀರಿನ ಬೆಲೆ ಬಲ್ಲವರು ಒಮ್ಮೆಯಾದರೂ ಹೋಗಿ ನೋಡಬೇಕು. ದಾರಿಯ ಇನ್ನೊಂದು ಬದಿಗೆ ಕಾದ ಬಂಡೆ, ಗರಸು ನೆಲ, ಜಾಲಿ. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಅಂಗುಲ ಮಳೆಯ ಸೀಮೆ ಅದು.

ಆ ಗರಸಿನಲ್ಲಿ, ಬಂಡೆಯ ಸಂದಿನಲ್ಲಿ, ಮೊಣಕಾಲೆತ್ತರದ ಒಂದು ಗಿಡ ಹಸಿರಾಗಿ ನಿಂತಿತ್ತು. ತುದಿಯಲ್ಲಿ ನೇರಳೆಗೆಂಪಿನ ಪುಟ್ಟ ಹೂವು, ಕೆಳಗೆ ಚಪ್ಪಟೆ ಕಾಯಿ. ಸೋದರಳಿಯ ಕಳಿಸಿದ ಚಿತ್ರದ ಬಡ ತಂಗಿಯಂತೆ ಕಂಡಿತು. ನಾನು ಕಾರು ನಿಲ್ಲಿಸಿ ಬಗ್ಗಿ ನೋಡುತ್ತಿದ್ದರೆ ನಮ್ಮ ಬೀಗರಿಗೆ ಅಚ್ಚರಿ.

"ಅದೇನು ನೋಡ್ತೀರಿ ಬೀಗ್ರ? ಕೊಗ್ಗಿ ಅದು. ದನ ಮುಟ್ಟಂಗಿಲ್ಲ, ಬ್ಯಾಸಿಗಿಗೆ ಸಾಯಂಗಿಲ್ಲ" ಎಂದರು.

ನನಗೆ ಬೇಕಾದ ಎರಡು ಗುಣಗಳನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಮರುದಿನ ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೋದಾಗಲೂ ರಸ್ತೆಯಂಚಿನ ಕೆಂಪು ಧೂಳಿನ ನಡುವೆ ಇದೇ ಗಿಡ ಕಂಡೆ. ಅದಿರಿನ ನೆಲ, ಲಾರಿಯ ಧೂಳು ಯಾವುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಂತಿರಲಿಲ್ಲ.

ಗುರುತು ಹಿಡಿಯುವ ಬಗೆ

ಕೊಗ್ಗಿ, ಕೊಗ್ಗಿಲಿ ಎಂದು ಕನ್ನಡದಲ್ಲಿ, ವೆಂಪಲಿ ಎಂದು ತೆಲುಗಿನಲ್ಲಿ, ಕೊಳಿಂಜಿ ಎಂದು ತಮಿಳಿನಲ್ಲಿ ಕರೆಯುವ ಈ ಗಿಡದ ಶಾಸ್ತ್ರೀಯ ಹೆಸರು ಟೆಫ್ರೋಸಿಯಾ ಪರ್ಪ್ಯೂರಿಯಾ. ಇಂಗ್ಲಿಷಿನವರು ಇದನ್ನು ಕಾಡುನೀಲಿ ಎಂದರು. ಸಂಸ್ಕೃತದಲ್ಲಿ ಶರಪುಂಖ, ಅಂದರೆ ಬಾಣದ ಬುಡದ ಗರಿ. ಹೆಸರಿನಲ್ಲೇ ಗುರುತೂ ಇದೆ. ಒಂದು ಚಿಕ್ಕ ಎಲೆಯನ್ನು ತುದಿ ಹಿಡಿದು ಎಳೆಯಿರಿ, ಅದು ಅಡ್ಡಡ್ಡ ಹರಿಯದೆ ಬಾಣದ ಗರಿಯಂತೆ ಓರೆಯಾಗಿ ಎರಡೂ ಬದಿಗೆ ಸೀಳಿ ಬರುತ್ತದೆ. ಶಾಲೆಯ ಮಕ್ಕಳಿಗೂ ಹೇಳಿಕೊಡಬಹುದಾದ ಪರೀಕ್ಷೆ. ಆಯುರ್ವೇದದಲ್ಲಿ ಪ್ಲೀಹದ ಕಾಯಿಲೆಗೆ ಹೇಳಿರುವುದರಿಂದ ಪ್ಲೀಹಶತ್ರು ಎಂಬ ಹೆಸರೂ ಉಂಟು. ಆದರೆ ವೈದ್ಯರನ್ನು ಕೇಳದೆ ಯಾರೂ ಕಷಾಯ ಮಾಡಿ ಕುಡಿಯಬಾರದು.

ನಿಜವಾದ ನೀಲಿ ಗಿಡ ಬೇರೆ, ಅದು ಇಂಡಿಗೋಫೆರಾ. ಅದರ ಕಾಯಿ ಕಡ್ಡಿಯಂತೆ ಗುಂಡು, ಗೊಂಚಲಾಗಿ ಬಿಡುತ್ತದೆ. ಕೊಗ್ಗಿಯದು ಒಂದೂವರೆ ಅಂಗುಲದ ಚಪ್ಪಟೆ ಕಾಯಿ, ತುದಿ ತುಸು ಬಾಗಿರುತ್ತದೆ, ಒಳಗೆ ಆರೇಳು ಕಾಳು. ನಮ್ಮ ಮನೆಯವರು ಸಂಡೂರಿನಲ್ಲಿ ಲಂಬಾಣಿ ಕಸೂತಿಯ ನೀಲಿ ಚೀಲವೊಂದನ್ನು ಕೊಂಡು, "ಈ ನೀಲಿ ನಿಮ್ಮ ಕೊಗ್ಗಿಯದ್ದೋ?" ಎಂದು ಕೇಳಿದರು. ಅಲ್ಲ. ಆ ಬಗೆಯ ನೀಲಿಗೆ ಇಂಡಿಗೋಫೆರಾ ಸೊಪ್ಪನ್ನು ತೊಟ್ಟಿಯಲ್ಲಿ ನೆನೆಹಾಕಿ, ಆ ನೀರನ್ನು ಕಲಕಿ ಗಾಳಿಯಾಡಿಸಿ, ತಳಕ್ಕಿಳಿದ ಗಸಿಯನ್ನು ತೆಗೆಯಬೇಕು. ಆ ನೀಲಿಗಾಗಿಯೇ 1859ರಲ್ಲಿ ಬಂಗಾಳದ ರೈತರು ದಂಗೆಯೆದ್ದರು, 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದರು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಹೊಲದ ನೀಲಿಗೆ ಬೆಲೆಯಿಲ್ಲದಾಯಿತು. ಬಣ್ಣ ಕೊಡದ ಕೊಗ್ಗಿಗೆ ಈ ಯಾವ ಸುಖವೂ ಇಲ್ಲ, ದುಃಖವೂ ಇಲ್ಲ. ಅದರ ಉಪಯೋಗವೇ ಬೇರೆ.

ನಮ್ಮ ಮಣ್ಣು, ಅವರ ಹೂಳು

ಅಂದು ಸಂಜೆ ಹೊಸಪೇಟೆಯಲ್ಲಿ ಅಣೆಕಟ್ಟಿನ ಮೇಲೆ ನಿಂತಿದ್ದಾಗ ಬೀಗರು ಆಡಿದ ಇನ್ನೊಂದು ಮಾತು ನನ್ನನ್ನು ಚುಚ್ಚಿತು. 1953ರಲ್ಲಿ ನೀರು ಹರಿಸಲು ಆರಂಭಿಸಿದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಹೂಳು ತುಂಬಿ ಈಗ ಅದು 105ರ ಆಸುಪಾಸಿಗೆ ಇಳಿದಿದೆ. "ನಿಮ್ಮ ಮಲೆನಾಡ ಮಣ್ಣು ನಮ್ಮ ಡ್ಯಾಮಿನಾಗ ಕುಂತೈತಿ ಬೀಗ್ರ, ಅದಕ್ಕ ನಮಗ ಎರಡನೇ ಬೆಳಿಗೆ ನೀರಿಲ್ಲ" ಎಂದು ನಗುತ್ತಲೇ ಹೇಳಿದರು. ಮುಂದೆ 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋಗಿ ತುಂಬಿದ ನೀರು ನದಿಗೆ ಹರಿದಾಗ ಅವರ ಧ್ವನಿಯಲ್ಲಿ ಆ ನಗು ಇರಲಿಲ್ಲ.

ಹೂಳೆಲ್ಲ ನಮ್ಮದೇ ಎನ್ನಲಾಗದು. ನಡುವೆ ಲಕ್ಕವಳ್ಳಿಯ ಅಣೆಕಟ್ಟಿದೆ, ಬಯಲುಸೀಮೆಯ ಹೊಲಗಳಿವೆ, ಗಣಿಗಳಿವೆ. ಆದರೂ ತರೀಕೆರೆ ಸೀಮೆಯ ನಮ್ಮೂರಿನ ಹಳ್ಳ ಭದ್ರೆಗೆ ಸೇರುತ್ತದೆ, ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡುತ್ತದೆ, ಆ ನೀರೇ ಹಂಪಿಯ ಮುಂದೆ ಹರಿಯುತ್ತದೆ. ನನ್ನ ಅಡಿಕೆ ತೋಟದ ಮೇಲಿನ ಅರ್ಧ ಎಕರೆ ಗರಸು ಇಳಿಜಾರು ಬೋಳಾಗಿತ್ತು. ಪ್ರತಿ ಮಳೆಗಾಲದಲ್ಲೂ ಅಲ್ಲಿಂದ ಮಣ್ಣು ಇಳಿದು ಬಸಿಗಾಲುವೆ ತುಂಬುತ್ತಿತ್ತು, ಅದನ್ನೆತ್ತಲು ವರ್ಷಕ್ಕೆ ಎಂಟು ಹತ್ತು ಆಳಿನ ಕೂಲಿ. ನಾನು ಎತ್ತಿಸಿದ್ದು ಬಸಿಗಾಲುವೆಯಲ್ಲಿ ನಿಂತ ಮಣ್ಣು ಮಾತ್ರ. ನಿಲ್ಲದ್ದು ಎಲ್ಲಿಗೆ ಹೋಯಿತೆಂದು ಅದುವರೆಗೆ ಯೋಚಿಸಿರಲಿಲ್ಲ.

ನನ್ನ ಎರಡು ತಪ್ಪುಗಳು

ಉತ್ಸಾಹದಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ. ಬೀಗರ ಹೊಲದ ಬದುವಿನಿಂದ ಸುಮಾರು ಇನ್ನೂರು ಎಳೆಗಿಡಗಳನ್ನು ಗುದ್ದಲಿಯಲ್ಲಿ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಊರಿಗೆ ತಂದು ನೆಡಿಸಿದೆ. ಹದಿನೈದು ದಿನದಲ್ಲಿ ಎಲ್ಲವೂ ಒಣಗಿದವು. ಒಂದನ್ನು ಕಿತ್ತು ನೋಡಿದಾಗ ಕಾರಣ ತಿಳಿಯಿತು. ಗೇಣುದ್ದದ ಗಿಡಕ್ಕೆ ಮೊಳಕ್ಕೂ ಮೀರಿದ ತಾಯಿಬೇರು ಇದ್ದಿರಬೇಕು, ನಾನು ತಂದದ್ದು ಅದರ ಮೇಲಿನ ನಾಲ್ಕಂಗುಲ ತುಂಡು. ಬೇಸಿಗೆಯಲ್ಲಿ ಸಾಯದಿರುವ ಗುಟ್ಟು ಯಾವ ಬೇರಿನಲ್ಲಿತ್ತೋ ಅದನ್ನೇ ಕಡಿದು ಕಂಪ್ಲಿಯಲ್ಲಿ ಬಿಟ್ಟುಬಂದಿದ್ದೆ. ಅಮೆರಿಕದ ಸುಳ್ಳುನೀಲಿಯ ಸ್ವಭಾವವೂ ಇದೇ, ಒಮ್ಮೆ ನೆಟ್ಟ ಜಾಗದಿಂದ ಕದಲಿಸಬಾರದು ಎಂದು ಸೋದರಳಿಯ ಆಮೇಲೆ ಹೇಳಿದ.

ತಂದಿದ್ದ ಕಾಯಿಗಳಿಂದ ಒಂದು ಸೇರಿನಷ್ಟು ಬೀಜ ಸಿಕ್ಕಿತ್ತು. 2022ರ ಜೂನ್‌ನಲ್ಲಿ ಅದನ್ನು ಹಾಗೆಯೇ ಎರಚಿಸಿದೆ. ಇಳಿಜಾರಿನಲ್ಲೆಲ್ಲ ಹುಡುಕಿದರೆ ಮೂವತ್ತು ನಲವತ್ತು ಗಿಡ. ಆಡಳಿತ ಮಂಡಲಿಯ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು "ಕಾರ್ಯದರ್ಶಿಗಳ ಕೊಗ್ಗಿ ಎಲ್ಲಿಯವರೆಗೆ ಬಂತು?" ಎಂದು ಕೇಳಿದಾಗ ಉತ್ತರವಿರಲಿಲ್ಲ.

ತಪ್ಪು ಬೀಜದ್ದಲ್ಲ. ಕೊಗ್ಗಿಬೀಜಕ್ಕೆ ಮೇಣದಂಥ ಗಟ್ಟಿ ಸಿಪ್ಪೆ, ನೀರು ಒಳಗಿಳಿಯುವುದಿಲ್ಲ. ಬಯಲುಸೀಮೆಯಲ್ಲಿ ಒಂದು ಅಕಾಲ ಮಳೆಗೆ ಎಲ್ಲ ಬೀಜವೂ ಮೊಳೆತು ಸಾಯದಿರಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು. ನಾವು ಆ ಸಿಪ್ಪೆಯನ್ನು ಒಡೆದು ಬಿತ್ತಬೇಕು.

ಬಿತ್ತುವ ಕ್ರಮ

2023ರಲ್ಲಿ ನಾನು ಅನುಸರಿಸಿ ಫಲ ಕಂಡ ಕ್ರಮ ಹೀಗಿದೆ:

1. ಬೀಜ ಸಂಗ್ರಹ: ಮಾಗಿದ ಕಾಯಿ ಬಿಸಿಲೇರಿದಾಗ ಸಿಡಿದು ಬೀಜ ಚೆಲ್ಲುತ್ತದೆ. ಕಂದುಬಣ್ಣಕ್ಕೆ ತಿರುಗಿದ ಕಾಯಿಗಳನ್ನು ಬೆಳಗಿನ ಇಬ್ಬನಿಯಿರುವಾಗಲೇ ಬಿಡಿಸಿ, ಗೋಣಿಯ ಮೇಲೆ ಹರವಿ, ಮೇಲೊಂದು ಬಟ್ಟೆ ಹೊದಿಸಿ ಒಣಗಿಸಬೇಕು.

2. ಬೀಜೋಪಚಾರ: ನೀರನ್ನು ಚೆನ್ನಾಗಿ ಕುದಿಸಿ ಒಲೆಯಿಂದ ಇಳಿಸಿ, ಬಟ್ಟೆಯಲ್ಲಿ ಕಟ್ಟಿದ ಬೀಜವನ್ನು ಎರಡು ಮೂರು ನಿಮಿಷ ಅದ್ದಿ ತೆಗೆದು ತಕ್ಷಣ ತಣ್ಣೀರಿಗೆ ಹಾಕಬೇಕು. ಹೆಚ್ಚು ಹೊತ್ತು ಬಿಟ್ಟರೆ ಬೀಜ ಬೆಂದುಹೋಗುತ್ತದೆ. ಸ್ವಲ್ಪವೇ ಬೀಜವಿದ್ದರೆ ದಪ್ಪ ಮರಳಿನೊಂದಿಗೆ ಸೇರಿಸಿ ಸಿಪ್ಪೆಯ ಹೊಳಪು ಹೋಗುವವರೆಗೆ ಉಜ್ಜಿದರೂ ಆಗುತ್ತದೆ. ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು ಎಷ್ಟು ಮೊಳೆಯುತ್ತದೆಂದು ಎಣಿಸಿ, ಆಮೇಲೆ ಉಳಿದದ್ದಕ್ಕೆ ಕೈಹಾಕಿ.

3. ಪ್ರಮಾಣ: ಹಸಿರೆಲೆ ಗೊಬ್ಬರಕ್ಕೆಂದು ಇಡೀ ಹೊಲಕ್ಕೆ ಬಿತ್ತುವುದಾದರೆ ಎಕರೆಗೆ 6ರಿಂದ 8 ಕಿಲೋ. ಬದುವಿಗೆ, ಪಟ್ಟಿಗೆ ಇದರ ಕಾಲುಭಾಗ ಸಾಕು.

4. ಸಾಲು: ಇಳಿಜಾರಿನಲ್ಲಿ ಎರಚಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡಿ, ಇಳಿಜಾರಿಗೆ ಅಡ್ಡಲಾಗಿ ಗುರುತು ಮಾಡಿ. ಒಂದೊಂದು ಪಟ್ಟಿಗೆ ಅಡಿ ಅಂತರದ ಮೂರು ಸಾಲು. ಪಟ್ಟಿಯಿಂದ ಪಟ್ಟಿಗೆ ಹತ್ತು ಹನ್ನೆರಡು ಅಡಿ. ಬೀಜ ಅರ್ಧ ಅಂಗುಲಕ್ಕಿಂತ ಆಳಕ್ಕಿಳಿಯಬಾರದು.

5. ಕಾಲ: ಮುಂಗಾರು ಹಿಡಿದ ಕೂಡಲೇ. ಜಡಿಮಳೆಯಲ್ಲಿ ಬಿತ್ತಿದರೆ ಬೀಜ ಕೊಚ್ಚಿಹೋಗುತ್ತದೆ.

6. ತಾಳ್ಮೆ: ಮೊದಲ ಎರಡು ತಿಂಗಳು ಗಿಡ ಬೆಳೆದಂತೆಯೇ ಕಾಣುವುದಿಲ್ಲ, ಬೇರಿಗೆ ಮೊದಲು ಹೋಗುತ್ತದೆ. ಆಗ ಒಂದು ಬಾರಿ ಕಳೆ ತೆಗೆಯಲೇಬೇಕು, ಇಲ್ಲವಾದರೆ ಹುಲ್ಲು ನುಂಗುತ್ತದೆ. ಆಮೇಲೆ ಅದು ಯಾರನ್ನೂ ಕೇಳುವುದಿಲ್ಲ.

7. ಕೊಯ್ಲು: ಹೂ ಬಿಡುವ ಹೊತ್ತಿಗೆ ನೆಲದಿಂದ ಗೇಣುದ್ದ ಬಿಟ್ಟು ಸವರಿದರೆ ಮತ್ತೆ ಚಿಗುರುತ್ತದೆ. ಬೀಜಕ್ಕಾಗಿ ಒಂದು ಸಾಲು ಹಾಗೆಯೇ ಬಿಡಿ. ವಸಂತಕ್ಕೆ ಹೂ ಕೊಡುವ ಅಮೆರಿಕದ ಗಿಡದಂತಲ್ಲ ಇದು. ನನ್ನಲ್ಲಿ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಹೂ.

2023 ಬರದ ವರ್ಷ. ಮುಂದಿನ ಬೇಸಿಗೆಯಲ್ಲಿ ಕೆರೆ ಬತ್ತಿ, ಅಡಿಕೆ ಗರಿ ಬಾಡಿದಾಗಲೂ ಕೊಗ್ಗಿಪಟ್ಟಿ ಹಸಿರಾಗಿತ್ತು. ಅಡ್ಡಾಡುವ ದನಗಳು ಮೂಸಿ ಮುಂದೆ ಹೋದವು. ಬೇಲಿಯಿಲ್ಲದ ಜಾಗದಲ್ಲಿ ಇದೇ ದೊಡ್ಡ ಲಾಭ. 2024ರ ಜೋರು ಮಳೆ ಮುಗಿದ ಮೇಲೆ ಬಸಿಗಾಲುವೆ ಎತ್ತಿಸಲು ಮೂರು ಆಳು ಸಾಕಾಯಿತು. ಪ್ರತಿ ಪಟ್ಟಿಯ ಮೇಲ್ಬದಿಯಲ್ಲಿ ನಾಲ್ಕು ಬೆರಳು ಮಣ್ಣು ನಿಂತಿತ್ತು. ಹಿರಿಯ ನಿರ್ದೇಶಕರು ಬಂದು ನೋಡಿ, ಏನೂ ಹೇಳದೆ, ಎರಡು ಕಿಲೋ ಬೀಜ ಕೇಳಿದರು.

ಲೆಕ್ಕ ಸರಿಯಾಗಿರಲಿ

ಹೊಸ ಗಿಡ ಕಂಡಾಗ ಅತಿಯಾಸೆ ಸಹಜ, ಆದ್ದರಿಂದ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಕೊಗ್ಗಿ ದ್ವಿದಳ ಜಾತಿಯದು, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಒಣಗಿದ ಸೊಪ್ಪಿನಲ್ಲಿ ನೂರಕ್ಕೆ ಸುಮಾರು 2.4 ಭಾಗ ಸಾರಜನಕ. ಒಂದು ಟನ್ ಹಸಿಸೊಪ್ಪು ಒಣಗಿದರೆ ಕಾಲು ಟನ್ ಎಂದಿಟ್ಟುಕೊಳ್ಳೋಣ, ಅದರಲ್ಲಿ 6 ಕಿಲೋ ಸಾರಜನಕ, ಅಂದರೆ 13 ಕಿಲೋ ಯೂರಿಯಾಕ್ಕೆ ಸಮ. ಒಂದು ಚೀಲದ ಮೂರನೆಯ ಒಂದು ಭಾಗವೂ ಆಗಲಿಲ್ಲ.

ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರುಸೊಪ್ಪು, 12 ಕಿಲೋ ಕಾಂಪೋಸ್ಟು ಎಂಬುದು ನಮಗೆಲ್ಲ ತಿಳಿದ ಶಿಫಾರಸು. ಎಕರೆಗೆ 550 ಮರವೆಂದರೆ ಸೊಪ್ಪೇ ಆರೂವರೆ ಟನ್ ಬೇಕು. ಒಂದು ಹೆಕ್ಟೇರ್ ಕೊಗ್ಗಿಯಿಂದ ಸಿಗುವುದು ಮೂರು ನಾಲ್ಕು ಟನ್, ಎಕರೆಗೆ ಒಂದೂವರೆ ಟನ್. ಹಾಗಾಗಿ ಒಂದೆಕರೆ ತೋಟಕ್ಕೆ ನಾಲ್ಕೈದು ಎಕರೆ ಕೊಗ್ಗಿ ಬೇಕಾದೀತು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ ಬಿಟ್ಟ ಹಿರಿಯರ ಲೆಕ್ಕ ಎಷ್ಟು ಸರಿಯಿತ್ತೆಂಬುದು ಇದರಿಂದಲೂ ತಿಳಿಯುತ್ತದೆ. ಸೊಪ್ಪಿಗಾಗಿಯೇ ಆದರೆ ಹೊಂಗೆ, ಗ್ಲಿರಿಸಿಡಿಯಾಗಳು ಹೆಚ್ಚು ಕೊಡುತ್ತವೆ. ಗದ್ದೆಗೆ ಅಪ್ಸೆಣಬು, ಡಯಾಂಚ ಬೇಗ ಬರುತ್ತವೆ. ಈ ಗಿಡ ಬೇಕಾಗುವುದು ಅವು ಯಾವುವೂ ನಿಲ್ಲದ ಜಾಗಕ್ಕೆ: ಗರಸು ದಿಣ್ಣೆ, ಬೋಳು ಬದು, ರಸ್ತೆ ಕಡಿದ ದರೆ, ಬೇಸಿಗೆಯಲ್ಲಿ ದನ ಬಿಡುವ ಏಕಬೆಳೆ ಗದ್ದೆ.

ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ನೀರು ನಿಲ್ಲುವ ತಗ್ಗಿನಲ್ಲಿ ಬೇರು ಕೊಳೆಯುತ್ತದೆ. ದಟ್ಟ ನೆರಳಿನ ಹಳೆಯ ಕಾಫಿ ತೋಟದೊಳಗೆ ಬೆಳೆಯುವುದಿಲ್ಲ, ನಾನೂ ಒಂದು ಪಟ್ಟಿ ಹಾಕಿ ಕಳೆದುಕೊಂಡೆ. ಹೊಸದಾಗಿ ಕಾಫಿ ನೆಟ್ಟ, ನೆರಳು ಇನ್ನೂ ಕೂಡದ ಇಳಿಜಾರಿನಲ್ಲಿ ಸಾಲುಗಳ ನಡುವೆ ಬರುತ್ತದೆ, ಆದರೆ ಗಿಡದ ಬುಡದಿಂದ ಎರಡಡಿ ದೂರವಿರಲಿ. ಘಟ್ಟದಂಚಿನ ನೂರಿಪ್ಪತ್ತು ಅಂಗುಲ ಮಳೆಯ ತೋಟದವರು ಮೊದಲು ಹತ್ತಡಿ ಜಾಗದಲ್ಲಿ ಪರೀಕ್ಷಿಸಿ ನೋಡುವುದು ಲೇಸು. ಇದರ ಒಡಹುಟ್ಟಿದ ಕೆಲವು ಜಾತಿಗಳ ಸೊಪ್ಪು-ಬೇರು ಮೀನಿಗೆ ವಿಷ. ಆದ್ದರಿಂದ ಮೀನು ಸಾಕುವ ಹೊಂಡದ ದಡದಲ್ಲಿ ಇದನ್ನೂ ಬೆಳೆಸದಿರುವುದೇ ಕ್ಷೇಮ.

ಕೊನೆಯ ಮಾತು

ಈ ಕಾರ್ತಿಕದಲ್ಲಿ ಬೀಗರು ನಮ್ಮಲ್ಲಿಗೆ ಬಂದಿದ್ದರು. ಇಳಿಜಾರಿನ ಮೇಲೆ ನಿಂತು, ಪಟ್ಟಿಯ ಹಿಂದೆ ನಿಂತ ಮಣ್ಣನ್ನು ಕಾಲಲ್ಲಿ ಒತ್ತಿ ನೋಡಿದರು. "ನಮ್ಮ ಕೊಗ್ಗಿ ನಿಮ್ಮ ಮಣ್ಣು ಹಿಡಿದೈತಿ. ಇಷ್ಟಾದರೂ ನಮ್ಮ ಡ್ಯಾಮಿಗೆ ಬರೂದು ತಪ್ಪಿತು" ಎಂದರು. ಅರ್ಧ ಎಕರೆಯ ಮಣ್ಣು ಆ ಜಲಾಶಯಕ್ಕೆ ಯಾವ ಲೆಕ್ಕ? ಆದರೆ ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯರ ಬಳಿಯೂ ಅಂಥದೊಂದು ಬೋಳು ಮೂಲೆ ಇದ್ದೇ ಇದೆ.

ಸೋದರಳಿಯನಿಗೆ ಪಟ್ಟಿಯ ಚಿತ್ರ ಕಳಿಸಿದ್ದೇನೆ. "ಹೂ ಅಷ್ಟೊಂದು ಚೆನ್ನಾಗಿಲ್ಲ ಮಾವ" ಎಂದ. ನಿಜ. ಅಂಗಳದ ಅಂದಕ್ಕೆ ದಾಸವಾಳ, ಕನಕಾಂಬರ ಇವೆ.

ನನ್ನಲ್ಲಿ ಈ ವರ್ಷದ ಬೀಜ ಹತ್ತು ಕಿಲೋದಷ್ಟಿದೆ. ಬೇಕಾದ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ತಲಾ ಕಾಲು ಕಿಲೋದಂತೆ ಬೆಲೆಯಿಲ್ಲದೆ ಕೊಡಲಾಗುವುದು. ಒಂದೇ ಷರತ್ತು: ಮುಂದಿನ ವರ್ಷ ಅಷ್ಟೇ ಬೀಜವನ್ನು ಮತ್ತೊಬ್ಬ ಸದಸ್ಯರಿಗೆ ತಾವು ಕೊಡಬೇಕು. ಬಿಸಿನೀರಿನ ಉಪಚಾರವನ್ನು ಮಾತ್ರ ಮರೆಯಬೇಡಿ.

— ಕಾರ್ಯದರ್ಶಿ